ತೆರೆದ ಬಾಗಿಲು, ಹೊರಗೆ ನಿಂತ ಸಾಕ್ಷಿ

ನವಲಗುಂದ, ಕುಂದಗೋಳ, ಕಲಘಟಗಿಯಂಥ ತಾಲೂಕು ಊರುಗಳ ಕೋರ್ಟಿಗೆ ಒಮ್ಮೆಯಾದರೂ ತಾರೀಖಿಗೆ ಹೋಗಿ ಬಂದವರಿಗೆ ಎರಡು ಸಂಗತಿಗಳು ಯಾರೂ ಹೇಳಿಕೊಡದೆ ಗೊತ್ತಾಗಿರುತ್ತವೆ. ಮೊದಲನೆಯದು, ಕೋರ್ಟಿನ ಬಾಗಿಲು ತೆರೆದಿರುತ್ತದೆ. ಬದುವಿನ ಜಗಳದ ಖಟ್ಲೆ ಇರಲಿ, ಖೂನಿ ಖಟ್ಲೆ ಇರಲಿ, ಸಂಬಂಧವಿಲ್ಲದವನೂ ಒಳಗೆ ಹೋಗಿ ಹಿಂದಿನ ಬೆಂಚಿನ ಮೇಲೆ ಸುಮ್ಮನೆ ಕೂಡಬಹುದು. ಸಂತೆಗೆ ಬಂದವರು ಬಿಸಿಲು ತಪ್ಪಿಸಿಕೊಳ್ಳಲು ಹೋಗಿ ಕೂತು, ಸಂಜೆ ಊರಿಗೆ ಹೋಗಿ ಯಾವ ವಕೀಲ ಹೇಗೆ ಮಾತಾಡಿದ ಎಂದು ಕಟ್ಟೆಯ ಮೇಲೆ ವರ್ಣಿಸುವುದು ನಮ್ಮ ಕಡೆ ಹೊಸತೇನಲ್ಲ. ಎರಡನೆಯದು, ಅದೇ ತೆರೆದ ಬಾಗಿಲು ಒಬ್ಬನಿಗೆ ಮಾತ್ರ ಮುಚ್ಚಿರುತ್ತದೆ. ಅವನು ಇನ್ನೂ ಸಾಕ್ಷಿ ಹೇಳಬೇಕಾದವನು. ಪಟ್ಟೇವಾಲಾ ಬಾಗಿಲಿಗೆ ಬಂದು ಮೂರು ಸಲ ಹೆಸರು ಕೂಗುವ ತನಕ ಅವನು ಹೊರಗೆ ಬೇವಿನ ಗಿಡದ ನೆರಳಿನಲ್ಲಿಯೇ ನಿಲ್ಲಬೇಕು. ಒಳಗೆ ಮೊದಲನೆಯ ಸಾಕ್ಷಿ ಏನು ಹೇಳಿದ, ಪಾಟೀ ಸವಾಲಿನಲ್ಲಿ ಎಲ್ಲಿ ತಡವರಿಸಿದ ಎಂಬುದು ಎರಡನೆಯವನ ಕಿವಿಗೆ ಬೀಳಬಾರದು. ಬಿದ್ದರೆ ಅವನು ತಾನು ಕಂಡದ್ದನ್ನು ಹೇಳುವುದಿಲ್ಲ, ಕೇಳಿದ್ದನ್ನು ಹೇಳುತ್ತಾನೆ.

ವರದಿಗಾರರ ಸ್ವಾತಂತ್ರ್ಯ ದೊಡ್ಡದೋ ಆರೋಪಿಗೆ ಸಿಗಬೇಕಾದ ನ್ಯಾಯವಾದ ವಿಚಾರಣೆ ದೊಡ್ಡದೋ ಎಂಬ ಚರ್ಚೆ ನಮ್ಮ ದೇಶದಲ್ಲಿ ಅರ್ಧ ಶತಮಾನಕ್ಕೂ ಮೀರಿ ನಡೆದಿದೆ. ದೊಡ್ಡ ದೊಡ್ಡ ತೀರ್ಪುಗಳು ಬಂದಿವೆ. ಆದರೆ ಆ ಇಡೀ ಚರ್ಚೆ ತಾಲೂಕು ಕೋರ್ಟಿನ ಈ ಎರಡು ರೂಢಿಗಳಲ್ಲಿಯೇ ಅಡಗಿದೆ ಎಂದು ನನಗೆ ಅನಿಸುತ್ತದೆ. ಬಾಗಿಲು ತೆರೆದಿರಬೇಕು, ಸಾಕ್ಷಿ ಹೊರಗಿರಬೇಕು. ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟರೆ ನ್ಯಾಯ ಕುಂಟುತ್ತದೆ. ಈ ಎರಡೂ ರೂಢಿಗಳು ಹೇಗೆ ಉಳಿದುಕೊಂಡು ಬಂದವು, ಎಲ್ಲಿ ಸಡಿಲಾದವು ಎಂಬುದನ್ನು ನಮ್ಮ ಜಿಲ್ಲೆಯ ನೆಲದ ಮೇಲೆ ನಿಂತು ಒಮ್ಮೆ ನೋಡಬೇಕು.

ತೆರೆದ ಬಾಗಿಲಿನ ಪುಣ್ಯ ಏನೆಂಬುದನ್ನು ನಮ್ಮ ಹಿರಿಯರಿಗೆ ಕಲಿಸಿದ್ದು 1908ರ ಟಿಳಕರ ಖಟ್ಲೆ. ಧಾರವಾಡ ಜಿಲ್ಲೆ ಆಗ ಮುಂಬಯಿ ಇಲಾಖೆಯಲ್ಲಿತ್ತು. 'ಕೇಸರಿ' ಪತ್ರಿಕೆ ಓದುವವರು ಇಲ್ಲಿಯೂ ಇದ್ದರು. ರಾಜದ್ರೋಹದ ಆರೋಪದ ಮೇಲೆ ಆ ವರ್ಷದ ಜುಲೈ ತಿಂಗಳಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ವಿಚಾರಣೆ ನಡೆದಾಗ ಟಿಳಕರು ವಕೀಲರನ್ನು ಬಿಟ್ಟು ತಾವೇ ವಾದ ಮಾಡಿದರು. ಹಲವು ದಿನಗಳಲ್ಲಿ ಹಂಚಿದಂತೆ ಒಟ್ಟು 21 ತಾಸಿಗೂ ಹೆಚ್ಚು ಹೊತ್ತು ಮಾತಾಡಿದರು. ಒಂಬತ್ತು ಜನ ಜ್ಯೂರಿಗಳಲ್ಲಿ ಏಳು ಜನ ಅವರನ್ನು ತಪ್ಪಿತಸ್ಥರೆಂದರು, ಇಬ್ಬರು ಅಲ್ಲವೆಂದರು. ಆರು ವರ್ಷ ಮಂಡಾಲೆಗೆ ಹೋಗಬೇಕಾಯಿತು. ಕೋರ್ಟಿನಲ್ಲಿ ಸೋತ ಆ ಮಾತುಗಳು ಪತ್ರಿಕೆಗಳ ಮೂಲಕ, ಆಮೇಲೆ ಪುಸ್ತಕದ ಮೂಲಕ ಊರೂರು ಮುಟ್ಟಿದವು. ಬಾಗಿಲು ಮುಚ್ಚಿಕೊಂಡು ನಡೆಸಿದ್ದರೆ ಸರಕಾರಕ್ಕೆ ಶಿಕ್ಷೆಯೂ ಸಿಗುತ್ತಿತ್ತು, ಮೌನವೂ ಸಿಗುತ್ತಿತ್ತು. ಬಾಗಿಲು ತೆರೆದಿದ್ದರಿಂದ ಶಿಕ್ಷೆ ಮಾತ್ರ ಸಿಕ್ಕಿತು.

ಅಂದರೆ ನಮ್ಮಲ್ಲಿ ಕೋರ್ಟಿನ ವರದಿ ಮೊದಮೊದಲು ಆರೋಪಿಯ ಗೆಳೆಯನಾಗಿಯೇ ಬಂದಿತು. ಆಳುವವನ ಕೈಯಲ್ಲಿ ಕೋರ್ಟು ಇದ್ದಾಗ ಜನರ ಕಣ್ಣೇ ಆರೋಪಿಗೆ ಇದ್ದ ಕಾವಲು. ಈ ಕಾರಣಕ್ಕೆ ಕಾನೂನೂ ಬಾಗಿಲು ತೆರೆದಿರಬೇಕೆಂದು ಹೇಳುತ್ತ ಬಂದಿದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 327ನೆಯ ಕಲಮು, ಅದರ ಜಾಗಕ್ಕೆ 2024ರ ಜುಲೈ 1ರಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆಯ 366ನೆಯ ಕಲಮು, ಎರಡೂ ಹೇಳುವುದು ಒಂದೇ: ಕ್ರಿಮಿನಲ್ ವಿಚಾರಣೆ ನಡೆಯುವ ಜಾಗ ತೆರೆದ ನ್ಯಾಯಾಲಯ, ಹಿಡಿಸುವಷ್ಟು ಜನ ಒಳಗೆ ಬರಬಹುದು. ಅತ್ಯಾಚಾರದಂಥ ಪ್ರಕರಣಗಳಿಗೆ ಮಾತ್ರ ಬಾಗಿಲು ಮುಚ್ಚಬೇಕು. 'ಹಿಡಿಸುವಷ್ಟು ಜನ' ಎಂಬ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಕಲಘಟಗಿಯ ಕೋರ್ಟಿನಲ್ಲಿ ಐವತ್ತು ಜನ ಹಿಡಿಸಬಹುದು. ಟಿ.ವಿ.ಯ ಪರದೆಯಲ್ಲಿ ಕೋಟಿ ಜನ ಹಿಡಿಸುತ್ತಾರೆ. ತೆರೆದ ಬಾಗಿಲು ಎಂಬ ಮಾತು ಹಳೆಯದೇ ಉಳಿಯಿತು. ಬಾಗಿಲಿನ ಅಳತೆ ಬದಲಾಯಿತು.

ಅಳತೆ ಬದಲಾಗುತ್ತಿರುವುದು ಮೊದಲು ಕಂಡದ್ದು ಟಿ.ವಿ. ಬರುವುದಕ್ಕೂ ಮುಂಚೆ, 1959ರ ನಾನಾವತಿ ಖಟ್ಲೆಯಲ್ಲಿ. ನೌಕಾದಳದ ಅಧಿಕಾರಿಯೊಬ್ಬ ಹೆಂಡತಿಯ ಗೆಳೆಯನನ್ನು ಗುಂಡಿಟ್ಟು ಕೊಂದ ಆ ಪ್ರಕರಣದಲ್ಲಿ ಮುಂಬಯಿಯ 'ಬ್ಲಿಟ್ಜ್' ವಾರಪತ್ರಿಕೆ ಬಹಿರಂಗವಾಗಿ ಆರೋಪಿಯ ಪಕ್ಷ ವಹಿಸಿತು. ಜ್ಯೂರಿಯ ಒಂಬತ್ತು ಜನರಲ್ಲಿ ಎಂಟು ಜನ ಅವನು ನಿರ್ದೋಷಿ ಎಂದರು. ನ್ಯಾಯಾಧೀಶರು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಹೈಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತು. 1961ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಇಲ್ಲಿ ಪತ್ರಿಕೆ ಆರೋಪಿಗೆ ಗೆಳೆಯನಾಗಿತ್ತು ನಿಜ. ಆದರೆ ಸತ್ತವನಿಗೆ ಗೆಳೆಯರಿರಲಿಲ್ಲ. ಟಿಳಕರ ಖಟ್ಲೆಯಲ್ಲಿ ಪತ್ರಿಕೆ ಕೋರ್ಟಿನಲ್ಲಿ ನಡೆದದ್ದನ್ನು ಹೊರಗೆ ತಂದಿತು. ನಾನಾವತಿ ಖಟ್ಲೆಯಲ್ಲಿ ಹೊರಗಿನ ಗದ್ದಲವನ್ನು ಕೋರ್ಟಿನ ಒಳಗೆ ತಂದಿತು. ಎರಡೂ ವರದಿಗಾರಿಕೆಯೇ. ಆದರೆ ಅವು ಸಾಗಿದ ದಿಕ್ಕು ಬೇರೆ.

ಕೆಲವೇ ವರ್ಷಗಳಲ್ಲಿ ಅದೇ 'ಬ್ಲಿಟ್ಜ್' ಇನ್ನೊಂದು ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನ ಮೆಟ್ಟಿಲಿಗೆ ತಂದಿತು. ಅದರ ಸಂಪಾದಕ ಕರಂಜಿಯಾ ಅವರ ಮೇಲೆ ಹೂಡಿದ್ದ ಮಾನಹಾನಿಯ ದಾವೆ ಮುಂಬಯಿ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ತಾರಕುಂಡೆಯವರ ಮುಂದೆ ನಡೆದಿತ್ತು. ಒಬ್ಬ ಸಾಕ್ಷಿ, ತನ್ನ ಮೊದಲಿನ ಹೇಳಿಕೆ ಪತ್ರಿಕೆಗಳಲ್ಲಿ ಬಂದು ವ್ಯಾಪಾರಕ್ಕೆ ಪೆಟ್ಟಾಗಿದೆ, ಇನ್ನು ಮುಂದೆ ಪ್ರಕಟಿಸಬಾರದು ಎಂದು ಬೇಡಿಕೊಂಡ. ನ್ಯಾಯಮೂರ್ತಿಗಳು ಬಾಗಿಲು ಮುಚ್ಚಲಿಲ್ಲ. ಆದರೆ ಅವನ ಸಾಕ್ಷ್ಯವನ್ನು ವರದಿ ಮಾಡಬಾರದೆಂದು ಬಾಯಿಮಾತಿನ ಆಜ್ಞೆ ಕೊಟ್ಟರು. ವರದಿಗಾರ ನರೇಶ ಮಿರಜಕರ ಮತ್ತು ಇತರರು ಇದು ತಮ್ಮ ಮಾತಿನ ಹಕ್ಕಿಗೆ ಭಂಗವೆಂದು ಸುಪ್ರೀಂ ಕೋರ್ಟಿಗೆ ಹೋದರು. ಒಂಬತ್ತು ನ್ಯಾಯಮೂರ್ತಿಗಳ ಪೀಠ 1966ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟಿತು. ನ್ಯಾಯಕ್ಕೆ ಅವಶ್ಯವೆಂದು ಕಂಡರೆ ವರದಿಯನ್ನು ತಡೆಯುವ ಅಧಿಕಾರ ಹೈಕೋರ್ಟಿಗೆ ಅಂತರ್ಗತವಾಗಿಯೇ ಇದೆ ಎಂದು ಬಹುಮತ ಹೇಳಿತು. ಆ ಪೀಠದ ಮುಖ್ಯ ನ್ಯಾಯಮೂರ್ತಿಗಳು ಪಿ.ಬಿ. ಗಜೇಂದ್ರಗಡಕರ. ಹೆಸರಿನಲ್ಲಿಯೇ ನಮ್ಮ ಹಳೆಯ ಧಾರವಾಡ ಜಿಲ್ಲೆಯ ಗಜೇಂದ್ರಗಡವನ್ನು ಹೊತ್ತವರು, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಕೆಲಕಾಲ ಓದಿದವರು. ಬಹುಮತವನ್ನು ಒಪ್ಪದೆ ಬೇರೆ ತೀರ್ಪು ಬರೆದವರು ಹಿದಾಯತುಲ್ಲಾ. ಒಬ್ಬ ಸಾಕ್ಷಿಯ ವ್ಯಾಪಾರ ಕೆಡುತ್ತದೆಂದು ಜನರ ಕಿವಿ ಮುಚ್ಚಬಹುದೆ ಎಂಬ ಅವರ ಸಂಶಯ ಇಂದಿಗೂ ಹಳೆಯದಾಗಿಲ್ಲ.

ಕಾನೂನಿನ ಪುಸ್ತಕದಿಂದ ಇನ್ನು ನವಲಗುಂದದ ಎರೆಮಣ್ಣಿಗೆ ಬರೋಣ.

1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ನೀರಿನ ಕರ, ಅಭಿವೃದ್ಧಿ ಕರಗಳ ವಿರುದ್ಧ ಎದ್ದು ನಿಂತರು. ಗೋಲಿಬಾರ್ ಆಯಿತು. ಅಳಗವಾಡಿಯ ಬಸಪ್ಪ ಲಕ್ಕುಂಡಿ, ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಸತ್ತರು. ನರಗುಂದದಲ್ಲಿ ಪೊಲೀಸರೂ ಸತ್ತರು. ಅಂದು ಏನು ನಡೆಯಿತು, ಮೊದಲ ಕಲ್ಲು ಯಾರದು, ಮೊದಲ ಗುಂಡು ಯಾವ ಗಳಿಗೆಯದು ಎಂಬುದಕ್ಕೆ ಚಿತ್ರವಿಲ್ಲ. ಧಾರವಾಡ ಆಕಾಶವಾಣಿ 1950ರಿಂದ ನಮ್ಮ ಮನೆಗಳಲ್ಲಿ ಮಾತಾಡುತ್ತಿತ್ತು. ಆದರೆ ಅದು ಸರಕಾರದ ಬಾಯಿ. ಉಳಿದದ್ದು ಪತ್ರಿಕೆಗಳ ವರದಿ ಮತ್ತು ಕಂಡವರ ನೆನಪು. ಆಮೇಲೆ ಖಟ್ಲೆಗಳನ್ನು ಎದುರಿಸಿದ ರೈತನ ಪಾಲಿಗೆ ಪೊಲೀಸರ ಕಾಗದವೇ ಎದುರಾಳಿ, ಅವನ ಬಾಯಿಮಾತೇ ಆಸರೆ.

ಮೂವತ್ತಾರು ವರ್ಷಗಳ ಮೇಲೆ ಅದೇ ತಾಲೂಕಿನಲ್ಲಿ, ಮತ್ತೆ ನೀರಿನ ಸಲುವಾಗಿಯೇ, ಇನ್ನೊಂದು ಜುಲೈ ಬಂದಿತು. 2016ರ ಜುಲೈ 27ರಂದು ಮಹಾದಾಯಿ ನ್ಯಾಯಮಂಡಳಿ ಕರ್ನಾಟಕದ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿತು. 7.56 ಟಿ.ಎಂ.ಸಿ. ನೀರು ಎತ್ತಿಕೊಳ್ಳಲು ಅನುಮತಿ ಕೇಳಿದ ಅರ್ಜಿ ಅದು. ದಿಲ್ಲಿಯ ಆ ಸುದ್ದಿ ಟಿ.ವಿ.ಯಲ್ಲಿ ಬಿದ್ದ ಗಳಿಗೆಯಲ್ಲಿಯೇ ನವಲಗುಂದ ಸಿಟ್ಟಿಗೆದ್ದಿತು. ಸರಕಾರಿ ಕಚೇರಿಗಳಿಗೆ ಕಲ್ಲು ಬಿದ್ದವು, ಬೆಂಕಿ ಬಿದ್ದಿತು. ಅದರ ಬೆನ್ನಿಗೇ ಪೊಲೀಸರು ಯಮನೂರಿಗೆ ನುಗ್ಗಿ, ಮುದುಕರು ಹೆಂಗಸರು ಎನ್ನದೆ ಬಡಿದರು. ಚಾಂಗದೇವನ ಜಾತ್ರೆಗೆ ಹಿಂದೂ ಮುಸಲ್ಮಾನರಿಬ್ಬರೂ ಕೂಡುವ, ಬೆಣ್ಣೆಹಳ್ಳದ ದಂಡೆಯ ಊರು ಅದು. ಬಡಿದ ದೃಶ್ಯ ಕ್ಯಾಮರಾದಲ್ಲಿ ಸೆರೆಯಾಗಿ ನಾಡಿನ ಮನೆಮನೆಯಲ್ಲಿ ಕಂಡಿತು. ಕೆಲವು ಪೊಲೀಸರು ಅಮಾನತುಗೊಂಡರು. ನೂರಕ್ಕೂ ಹೆಚ್ಚು ರೈತರನ್ನು ಹಿಡಿದು ದೂರದ ಜೈಲುಗಳಿಗೆ ಕಳಿಸಿದಾಗ ಅವರ ಬಿಡುಗಡೆಗಾಗಿ ಎದ್ದ ದನಿಗೆ ಆ ದೃಶ್ಯವೇ ಬಲ ಕೊಟ್ಟಿತು.

ಹಾಗಾದರೆ ಕ್ಯಾಮರಾವನ್ನು ನಾವು ನವಲಗುಂದದವರು ದೂರುವಂತಿಲ್ಲ. 1980ರಲ್ಲಿ ಅದು ಇರಲಿಲ್ಲ, 2016ರಲ್ಲಿ ಇತ್ತು. ವ್ಯತ್ಯಾಸ ನಮ್ಮ ಕಣ್ಣ ಮುಂದೆಯೇ ಇದೆ. ಅಧಿಕಾರದ ಲಾಠಿ ಬೀಸಿದ ಕಡೆ ಕ್ಯಾಮರಾ ತಿರುಗಿದರೆ ಅದು ಟಿಳಕರ ಕಾಲದ ಪತ್ರಿಕೆಯ ಮೊಮ್ಮಗ. ಆದರೆ ಅದೇ ಕ್ಯಾಮರಾ ಕೈಕೋಳ ತೊಡಿಸಿದವನ ಮುಖದ ಕಡೆ ತಿರುಗಿದಾಗ ಏನಾಗುತ್ತದೆ?

ಕಲಘಟಗಿ ಕಡೆಯ ಒಬ್ಬ ಟ್ರ್ಯಾಕ್ಟರ್ ಡ್ರೈವರನನ್ನು ಕಲ್ಪಿಸಿಕೊಳ್ಳಿ. ಊರಲ್ಲಿ ಒಂದು ಕೊಲೆಯಾಗಿದೆ. ಪೊಲೀಸರು ಸಂಶಯದ ಮೇಲೆ ಅವನನ್ನು ಒಯ್ದರು. ಆ ರಾತ್ರಿಯೇ ಚಾನೆಲ್ಲಿನಲ್ಲಿ ಅವನ ಫೋಟೋ, ಅದರ ಸುತ್ತ ಕೆಂಪು ವರ್ತುಲ, ಹಿನ್ನೆಲೆಗೆ ಸಿನಿಮಾದ ಸಂಗೀತ. 'ತಪ್ಪೊಪ್ಪಿಕೊಂಡ ಹಂತಕ' ಎಂಬ ಸಾಲು ಪರದೆಯ ಕೆಳಗೆ ಓಡುತ್ತದೆ. ಚಹಾದಂಗಡಿಯಲ್ಲಿ, "ಅಂವಾ ಹಂಗs ಇದ್ದ ಬಿಡ್ರಿ, ನನಗ ಮೊದಲs ಗೊತ್ತಿತ್ತು" ಎನ್ನುವವರು ಮರುದಿನ ಮುಂಜಾನೆ ತಯಾರಾಗಿರುತ್ತಾರೆ. ಇವರಲ್ಲಿ ಇಬ್ಬರು ಮುಂದೆ ಸಾಕ್ಷಿದಾರರೂ ಆಗುತ್ತಾರೆ.

ಕಾನೂನು ಈ ಮನುಷ್ಯನಿಗೆ ಏನೇನು ಕೊಟ್ಟಿತ್ತು ನೋಡಿ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಪುರಾವೆಯಲ್ಲ. 1872ರ ಸಾಕ್ಷ್ಯ ಅಧಿನಿಯಮದಲ್ಲಿ ಅದು 25ನೆಯ ಕಲಮು, ಹೊಸ ಸಾಕ್ಷ್ಯ ಅಧಿನಿಯಮದಲ್ಲಿ 23ನೆಯದು. ಬ್ರಿಟಿಷರಿಗೇ ತಮ್ಮ ಪೊಲೀಸರ ಮೇಲೆ ನಂಬಿಕೆ ಇರಲಿಲ್ಲವೆಂದು ಈ ನಿಯಮ ಸಾರುತ್ತದೆ. ಗುರುತು ಪತ್ತೆಯ ಪರೇಡ್ ಎಂಬುದೊಂದಿದೆ. ಆರೋಪಿಯನ್ನು ಅವನಂತೆಯೇ ಕಾಣುವ ಇತರರ ನಡುವೆ ನಿಲ್ಲಿಸಿ, ಕಂಡವನು ಅವನನ್ನು ಆರಿಸಬೇಕು. ಆ ಮೊದಲು ಆರೋಪಿಯ ಮುಖ ಸಾಕ್ಷಿಗೆ ಕಾಣಬಾರದೆಂದೇ ಪೊಲೀಸರು ಮುಖಕ್ಕೆ ಬಟ್ಟೆ ಸುತ್ತಿ ಕರೆತರುತ್ತಾರೆ. ಟಿ.ವಿ.ಯಲ್ಲಿ ಮುಖ ಬಂದ ಮೇಲೆ ಆ ಪರೇಡಿಗೆ ಏನು ಬೆಲೆ? ಸಾಕ್ಷಿ ಗುರುತಿಸುವುದು ಅಂದು ಕತ್ತಲಲ್ಲಿ ಕಂಡವನನ್ನೋ, ನಿನ್ನೆ ಪರದೆಯಲ್ಲಿ ಕಂಡವನನ್ನೋ? ಇದರಿಂದ ನಿರ್ದೋಷಿಗೆ ಮಾತ್ರ ಕೇಡಾಗುವುದಿಲ್ಲ. ನಿಜವಾದ ಅಪರಾಧಿಯ ವಕೀಲನೂ ಇದನ್ನೇ ಎತ್ತಿ ತೋರಿಸಿ ತನ್ನ ಕಕ್ಷಿದಾರನನ್ನು ಬಿಡಿಸಿಕೊಂಡು ಹೋಗಬಹುದು. ಸಾಕ್ಷಿಯನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸುವ ರೂಢಿಯನ್ನು ಟಿ.ವಿ. ಅವನ ಮನೆಯ ಪಡಸಾಲೆಯಲ್ಲಿಯೇ ಮುರಿದು ಹಾಕುತ್ತದೆ.

ಇದಕ್ಕೆ ತಡೆ ಇಲ್ಲವೆ? ಇದೆ, ಆದರೆ ಅದರಲ್ಲಿ ಒಂದು ದೊಡ್ಡ ಕಿಂಡಿ ಇದೆ. 1971ರ ನ್ಯಾಯಾಂಗ ನಿಂದನೆ ಅಧಿನಿಯಮದ ಪ್ರಕಾರ, ನಡೆದಿರುವ ಖಟ್ಲೆಗೆ ಅಡ್ಡಿಯಾಗುವಂತೆ ಪ್ರಕಟಿಸುವುದು ತಪ್ಪು. ಆದರೆ ಕ್ರಿಮಿನಲ್ ಖಟ್ಲೆ 'ನಡೆದಿದೆ' ಎಂದು ಲೆಕ್ಕಕ್ಕೆ ಬರುವುದು ದೋಷಾರೋಪ ಪಟ್ಟಿ ಸಲ್ಲಿಸಿದ ಮೇಲೆ, ಇಲ್ಲವೆ ಕೋರ್ಟು ಸಮನ್ಸ್ ಅಥವಾ ವಾರಂಟು ಹೊರಡಿಸಿದ ಮೇಲೆ. ಪೊಲೀಸರು ಸಂಶಯದ ಮೇಲೆ ಹಿಡಿದು ಒಯ್ದ ದಿನದಿಂದ ಪಟ್ಟಿ ಸಲ್ಲಿಸುವ ದಿನದ ತನಕ ಅರವತ್ತೋ ತೊಂಬತ್ತೋ ದಿನ ಉರುಳುತ್ತವೆ. ಚಾನೆಲ್ಲುಗಳ ಅಬ್ಬರವೆಲ್ಲ ಇರುವುದು ಆ ದಿನಗಳಲ್ಲಿಯೇ. ಕಾನೂನಿನ ಕಣ್ಣು ತೆರೆಯುವ ಹೊತ್ತಿಗೆ ಜಾತ್ರೆ ಮುಗಿದು ತೇರು ಮನೆಗೆ ಹೋಗಿರುತ್ತದೆ. 2006ರಲ್ಲಿ ಕಾನೂನು ಆಯೋಗ ತನ್ನ 200ನೆಯ ವರದಿಯಲ್ಲಿ, ಬಂಧನದ ದಿನದಿಂದಲೇ ಖಟ್ಲೆ ನಡೆದಿದೆಯೆಂದು ಎಣಿಸಬೇಕು ಎಂದು ಸಲಹೆ ಕೊಟ್ಟಿತು. ಸಂಸತ್ತು ಆ ಕಿಂಡಿಯನ್ನು ಮುಚ್ಚಲಿಲ್ಲ. 2021ರ ಜನವರಿಯಲ್ಲಿ ಮುಂಬಯಿ ಹೈಕೋರ್ಟು, ಸಿನಿಮಾ ನಟನೊಬ್ಬನ ಸಾವಿನ ಸುತ್ತ ಎದ್ದ ಟಿ.ವಿ. ಗದ್ದಲದ ಸಂಬಂಧ ತೀರ್ಪು ಕೊಡುತ್ತ, ಎಫ್.ಐ.ಆರ್. ದಾಖಲಾದಾಗಿನಿಂದಲೇ ಈ ಎಚ್ಚರ ಬೇಕು ಎಂದಿತು.

ಸುಪ್ರೀಂ ಕೋರ್ಟು 2012ರಲ್ಲಿ ಸಹಾರಾ ಪ್ರಕರಣದಲ್ಲಿ ಒಂದು ನಡುದಾರಿ ಹುಡುಕಿತ್ತು. ವರದಿಯಿಂದ ವಿಚಾರಣೆಗೆ ನಿಜವಾದ ಅಪಾಯವಿದ್ದರೆ, ಬೇರೆ ಉಪಾಯವಿಲ್ಲದಿದ್ದರೆ, ಸ್ವಲ್ಪ ಕಾಲದ ಮಟ್ಟಿಗೆ ವರದಿಯನ್ನು ಮುಂದಕ್ಕೆ ಹಾಕುವ ಆಜ್ಞೆ ಕೊಡಬಹುದು. ಬಾಯಿ ಮುಚ್ಚಿಸಬಾರದು, ಸ್ವಲ್ಪ ತಡೆಯಿರಿ ಎನ್ನಬಹುದು. ಮಾತು ಯೋಗ್ಯವಾದದ್ದೇ. ಆದರೆ ಈ ಆಜ್ಞೆ ಬೇಕಾದವನು ಮೇಲಿನ ಕೋರ್ಟಿಗೆ ಅರ್ಜಿ ಹಾಕಬೇಕು. ದೊಡ್ಡ ಕಂಪನಿಗೆ, ಮಂತ್ರಿಗೆ, ಸಿನಿಮಾ ನಟನಿಗೆ ಅದು ಸಾಧ್ಯ. ಲಾಕಪ್ಪಿನಲ್ಲಿರುವ ಕುಂದಗೋಳದ ಕೂಲಿಕಾರನ ಹೆಂಡತಿ ಯಾವ ವಕೀಲನನ್ನು ಹಿಡಿದು ಯಾವ ಚಾನೆಲ್ಲಿನ ಮೇಲೆ ಆಜ್ಞೆ ತಂದಾಳು? ಮಾನ ಕಾಯುವ ಕಾನೂನು ಶ್ರೀಮಂತರ ಮನೆಯ ನಾಯಿಯಂತೆ ಅವರ ಬಾಗಿಲಲ್ಲಿಯೇ ಮಲಗುತ್ತದೆ.

ಬೇರೆ ದೇಶಗಳೂ ಇದೇ ಸಂಕಟದಲ್ಲಿ ತಿಣುಕಿವೆ. 1925ನೆಯ ಇಸವಿಯೊಂದನ್ನೇ ನೋಡಿ. ಅಮೆರಿಕದಲ್ಲಿ ಡಾರ್ವಿನ್ನನ ವಿಕಾಸವಾದ ಕಲಿಸಿದ ಶಿಕ್ಷಕನ ಮೇಲಿನ ಖಟ್ಲೆಯನ್ನು ಶಿಕಾಗೋದ ರೇಡಿಯೋ ಕೇಂದ್ರ ನೇರವಾಗಿ ಪ್ರಸಾರ ಮಾಡಿತು. ಅದೇ ವರ್ಷ ಇಂಗ್ಲೆಂಡು ಕೋರ್ಟಿನೊಳಗೆ ಫೋಟೋ ತೆಗೆಯುವುದನ್ನೇ ಅಪರಾಧ ಮಾಡಿತು. ಹತ್ತು ವರ್ಷಗಳ ಮೇಲೆ ಲಿಂಡ್‌ಬರ್ಗ್ ಮಗುವಿನ ಕೊಲೆಯ ವಿಚಾರಣೆ ದೊಡ್ಡ ಬಯಲಾಟವೇ ಆದದ್ದನ್ನು ಕಂಡು ಅಮೆರಿಕದ ವಕೀಲರ ಸಂಘವೂ 1937ರಲ್ಲಿ ಕ್ಯಾಮರಾ ಬೇಡವೆಂದಿತು. 1965ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು, ಟಿ.ವಿ. ಕ್ಯಾಮರಾಗಳ ನಡುವೆ ನಡೆದ ವಿಚಾರಣೆ ನ್ಯಾಯವಾದದ್ದಲ್ಲವೆಂದು ಟೆಕ್ಸಾಸಿನ ಒಬ್ಬನ ಶಿಕ್ಷೆಯನ್ನೇ ರದ್ದು ಮಾಡಿತು. ಆಮೇಲೆ ಮತ್ತೆ ಬಾಗಿಲು ತೆರೆದು 1995ರಲ್ಲಿ ಸಿಂಪ್ಸನ್ ಖಟ್ಲೆಯನ್ನು ಧಾರಾವಾಹಿಯಂತೆ ಜಗತ್ತಿಗೇ ತೋರಿಸಿತು. ಇಂಗ್ಲೆಂಡು ಮಾತ್ರ ನಿಧಾನಿಸಿ, 2022ರಲ್ಲಿ, ಕ್ರೌನ್ ಕೋರ್ಟಿನಲ್ಲಿ ನ್ಯಾಯಾಧೀಶರು ಶಿಕ್ಷೆ ವಿಧಿಸಿ ಆಡುವ ಮಾತುಗಳನ್ನಷ್ಟೇ ಚಿತ್ರೀಕರಿಸಲು ಬಿಟ್ಟಿತು. ಸಾಕ್ಷಿಯ ಮುಖಕ್ಕೆ ಅಲ್ಲಿ ಕ್ಯಾಮರಾ ಇಲ್ಲ. ಎಚ್ಚರದ ಜನ ಕೊನೆಗೆ ಬಂದು ನಿಂತ ಜಾಗ ನಮ್ಮ ಪಟ್ಟೇವಾಲಾ ನಿಂತ ಜಾಗವೇ!

ನಮ್ಮ ದೇಶದಲ್ಲಿ 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು, ಕೋರ್ಟಿನ ಕಲಾಪವನ್ನು ನೇರವಾಗಿ ನೋಡುವುದು ಜನರ ಹಕ್ಕಿನ ಭಾಗವೆಂದು ಒಪ್ಪಿತು. ಕರ್ನಾಟಕ ಹೈಕೋರ್ಟು 2021ರ ಮೇ ಕೊನೆಯಲ್ಲಿ ಪ್ರಾಯೋಗಿಕವಾಗಿ ನೇರ ಪ್ರಸಾರ ಶುರುಮಾಡಿ, ಅದಕ್ಕೆಂದೇ ನಿಯಮಗಳನ್ನು ರಚಿಸಿ 2022ರ ಜನವರಿ 1ರಿಂದ ಜಾರಿಗೆ ತಂದಿತು. ಗಂಡಹೆಂಡಿರ ವ್ಯಾಜ್ಯ, ಲೈಂಗಿಕ ಅಪರಾಧ, ಮಕ್ಕಳ ಮೇಲಿನ ದೌರ್ಜನ್ಯದ ಪ್ರಕರಣಗಳನ್ನು ಪ್ರಸಾರ ಮಾಡುವಂತಿಲ್ಲ. ಸಾಕ್ಷ್ಯ ದಾಖಲಿಸುವುದನ್ನು, ಪಾಟೀ ಸವಾಲನ್ನು ತೋರಿಸುವಂತಿಲ್ಲ. ಪ್ರಸಾರವನ್ನು ಬೇರೆಯವರು ಮುದ್ರಿಸಿಕೊಂಡು ಕತ್ತರಿಸಿ ಹಂಚುವಂತಿಲ್ಲ. ಇಲ್ಲಿಯೂ ಹಳೆಯ ಎರಡು ರೂಢಿಗಳು ಉಳಿದುಕೊಂಡಿವೆ: ಬಾಗಿಲು ತೆರೆದಿದೆ, ಸಾಕ್ಷಿ ಹೊರಗಿದ್ದಾನೆ.

ನಮ್ಮ ಭಾಗದವರಿಗೆ ಇದು ಸಣ್ಣ ಸಂಗತಿಯಲ್ಲ. 2008ರ ಜುಲೈನಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಕೂಡುವ ತನಕ, ಅಣ್ಣಿಗೇರಿಯ ರೈತ ತನ್ನ ಅಪೀಲು ಏನಾಯಿತೆಂದು ತಿಳಿಯಲು ರಾತ್ರಿ ಬಸ್ಸು ಹತ್ತಿ ನಾನೂರು ಕಿಲೋಮೀಟರಿಗೂ ದೂರದ ಬೆಂಗಳೂರಿಗೆ ಹೋಗಬೇಕಿತ್ತು. ಅಲ್ಲಿ ಹೋದರೆ "ಇವತ್ತು ನಿಮ್ಮ ಮ್ಯಾಟರ್ ಬರಲಿಲ್ಲ" ಎಂಬ ಉತ್ತರ. ವಕೀಲರು ವರ್ಷಗಟ್ಟಲೆ ಹೋರಾಡಿ ಪೀಠ ತಂದರು. 2013ರಲ್ಲಿ ಅದು ಕಾಯಂ ಆಯಿತು. ಈಗ ಅದೇ ರೈತ ಮೊಬೈಲಿನಲ್ಲಿ ತನ್ನ ಖಟ್ಲೆ ಕೂಗಿದ್ದನ್ನು ಕಾಣಬಹುದು. ತನ್ನ ವಕೀಲ ಎದ್ದು ನಿಂತನೋ ಇಲ್ಲವೋ ಎಂಬುದನ್ನೂ ಕಾಣಬಹುದು. ಇದು ತೆರೆದ ಬಾಗಿಲಿನ ನಿಜವಾದ ಲಾಭ.

ಆದರೆ ಪರೀಕ್ಷೆಗಳೂ ಬೇಗನೆ ಬಂದವು. 2022ರ ಫೆಬ್ರುವರಿಯಲ್ಲಿ ಹಿಜಾಬ್ ಪ್ರಕರಣದ ವಿಚಾರಣೆಯನ್ನು ಲಕ್ಷಾಂತರ ಜನ ನೋಡಿದರು. ವಾದದ ನಡುವೆ ಬರುವ ಮಾತುಗಳು ಹಿಂದುಮುಂದು ಕಡಿದು ಹೊರಗೆ ಹರಡುತ್ತಿವೆ, ಪ್ರಸಾರ ನಿಲ್ಲಿಸಿರೆಂದು ಅರ್ಜಿದಾರರ ಪರ ಹಿರಿಯ ವಕೀಲರೊಬ್ಬರು ಕೇಳಿದರು, ಪೀಠ ಒಪ್ಪಲಿಲ್ಲ. 2023ರ ಡಿಸೆಂಬರಿನಲ್ಲಿ ಯಾರೋ ಕಿಡಿಗೇಡಿಗಳು ಕೋರ್ಟಿನ ವಿಡಿಯೋ ಕಲಾಪದೊಳಗೆ ನುಗ್ಗಿ ಅಶ್ಲೀಲ ಚಿತ್ರ ತೋರಿಸಿದ್ದರಿಂದ ಕೆಲಕಾಲ ಪ್ರಸಾರವನ್ನೇ ನಿಲ್ಲಿಸಬೇಕಾಯಿತು. 2024ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿಯೊಬ್ಬರು ಬೆಂಗಳೂರಿನ ಒಂದು ಬಡಾವಣೆಯ ಬಗ್ಗೆ, ಒಬ್ಬ ಮಹಿಳಾ ವಕೀಲರ ಬಗ್ಗೆ ಆಡಿದ ಮಾತುಗಳ ತುಣುಕು ದೇಶದ ತುಂಬ ಓಡಾಡಿತು. ಸುಪ್ರೀಂ ಕೋರ್ಟು ತಾನಾಗಿಯೇ ವಿಷಯ ಕೈಗೆತ್ತಿಕೊಂಡಿತು. ನ್ಯಾಯಮೂರ್ತಿಗಳು ತೆರೆದ ಕೋರ್ಟಿನಲ್ಲಿಯೇ ವಿಷಾದ ಹೇಳಿದ ಮೇಲೆ ಅದನ್ನು ಮುಗಿಸಿತು. ಬೆಳಕು ಕಣ್ಣು ಚುಚ್ಚಿದರೆ ಕಿಟಕಿ ಮುಚ್ಚುವುದು ಮದ್ದಲ್ಲ ಎಂಬುದು ಅದರ ಮಾತಿನ ಸಾರ. ಅದೇ ವಾರ ನಮ್ಮ ಹೈಕೋರ್ಟು ಇಂಥ ತುಣುಕುಗಳನ್ನು ಹಂಚದಂತೆ ಯೂಟ್ಯೂಬ್ ಚಾನೆಲ್ಲುಗಳಿಗೆ ಮಧ್ಯಂತರ ತಡೆ ಕೊಟ್ಟಿತು.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ತುಣುಕು ಹಂಚಬಾರದೆಂಬ ನಿಯಮ ಸಾಕ್ಷಿಯನ್ನು, ಆರೋಪಿಯನ್ನು, ನೊಂದವಳನ್ನು ಕಾಯುವುದಕ್ಕಿದ್ದರೆ ಅದು ನ್ಯಾಯ. ನ್ಯಾಯಪೀಠದ ಮೇಲೆ ಕೂತವರ ಮಾತನ್ನು ಜನರ ವಿಮರ್ಶೆಯಿಂದ ಕಾಯುವುದಕ್ಕೆ ಅದು ಬಳಕೆಯಾದರೆ, ತೆರೆದ ಬಾಗಿಲನ್ನು ಒಳಗಿನಿಂದಲೇ ಮುಚ್ಚಿದಂತೆ. ಆ ತುಣುಕು ಹೊರಗೆ ಬರದಿದ್ದರೆ ತಪ್ಪು ಮಾತು ತಪ್ಪೆಂದು ಹೇಳುವವರೇ ಇರುತ್ತಿರಲಿಲ್ಲ. ಮೂವತ್ತು ಸೆಕೆಂಡಿನ ತುಣುಕು ಮೂರು ತಾಸಿನ ವಾದವನ್ನು ಸುಳ್ಳು ಮಾಡಬಲ್ಲದು ಎಂಬುದೂ ಅಷ್ಟೇ ಸತ್ಯ. ಅದಕ್ಕೆ ಮದ್ದೆಂದರೆ ಮೂರು ತಾಸಿನ ಪೂರ್ತಿ ಮುದ್ರಣವನ್ನು ಕೋರ್ಟೇ ಎಲ್ಲರ ಕೈಗೆ ಸಿಗುವಂತೆ ಇಡುವುದು. ಕಡಿದ ಮಾತಿಗೆ ಪೂರ್ತಿ ಮಾತೇ ಉತ್ತರ.

ಇನ್ನೊಂದು ಮಾತನ್ನು ಬೆಂಗಳೂರು, ದಿಲ್ಲಿಯ ಚರ್ಚೆಗಳಲ್ಲಿ ಯಾರೂ ಎತ್ತಿದ್ದು ನಾನು ಕಂಡಿಲ್ಲ. ಹೈಕೋರ್ಟಿನ ವಾದವೆಲ್ಲ ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯುತ್ತದೆ. ಅಣ್ಣಿಗೇರಿಯ ರೈತ ಮೊಬೈಲ್ ಹಿಡಿದು ತನ್ನ ಖಟ್ಲೆಯನ್ನು ನೋಡುತ್ತಾನೆ, ಕೇಳುವುದಿಲ್ಲ. ಮೂಕಿ ಸಿನಿಮಾ ನೋಡಿದ ಹಾಗೆ. ಕನ್ನಡದಲ್ಲಿ ಮಾತಾಡುವ ಕೋರ್ಟು ತಾಲೂಕಿನದು. ಅಲ್ಲಿ ಸಾಕ್ಷಿ ಇರುವುದರಿಂದ ಅದನ್ನು ತೋರಿಸುವಂತಿಲ್ಲ, ತೋರಿಸಲೂಬಾರದು. ಹೀಗಾಗಿ ತೋರಿಸುವ ಕೋರ್ಟು ತಿಳಿಯುವುದಿಲ್ಲ, ತಿಳಿಯುವ ಕೋರ್ಟು ತೋರುವುದಿಲ್ಲ. ಈ ನಡುವಿನ ಖಾಲಿ ಜಾಗದಲ್ಲಿ ಚಾನೆಲ್ಲುಗಳು ತಮ್ಮ ಸ್ಟುಡಿಯೋದೊಳಗೇ ಒಂದು ಕನ್ನಡ ಕೋರ್ಟು ತೆರೆದಿವೆ. ಅಲ್ಲಿ ಕಟಕಟೆಯೂ ಉಂಟು, ತೀರ್ಪೂ ಉಂಟು. ಪಾಟೀ ಸವಾಲು ಮಾತ್ರ ಇಲ್ಲ.

ಆ ಜಾಗವನ್ನು ತುಂಬಬೇಕಾದವನು ಕೋರ್ಟಿನಲ್ಲಿ ಕೂತು ಕೇಳಿ ಬರೆಯುವ ವರದಿಗಾರ. ತಾಲೂಕಿನ ಬಾತ್ಮೀದಾರ ಹಿಂದಿನ ಬೆಂಚಿನ ಮೇಲೆ ಕೂತು, ಫಿರ್ಯಾದಿ ಏನೆಂದ, ಆರೋಪಿಯ ವಕೀಲ ಏನೆಂದ, ಕೋರ್ಟು ಏನೆಂದಿತು ಎಂದು ಮೂರು ಪ್ಯಾರಾ ಬರೆದು ಹುಬ್ಬಳ್ಳಿಗೆ ಕಳಿಸುತ್ತಿದ್ದ ಆ ಕೆಲಸಕ್ಕೆ ಬೆಳಕಿಲ್ಲ, ಸಂಗೀತವಿಲ್ಲ, ಸಂಬಳವೂ ಅಷ್ಟಕ್ಕಷ್ಟೇ. ಆದರೆ ವರದಿಯ ಸ್ವಾತಂತ್ರ್ಯ ಮತ್ತು ವಿಚಾರಣೆಯ ನ್ಯಾಯ ಇವೆರಡೂ ಜಗಳವಿಲ್ಲದೆ ಕೂತಿದ್ದು ಆ ಒಂದು ಬೆಂಚಿನ ಮೇಲೆಯೇ. ಅವನು ಮರುದಿನ ಬರೆದ ಸುದ್ದಿಯನ್ನು ಕೋರ್ಟು ತಡೆಯಲಿಲ್ಲ. ಅವನೂ ಇನ್ನೂ ಸಾಕ್ಷಿ ಹೇಳದವನ ಬಾಯಿಗೆ ಮೈಕು ಹಿಡಿಯಲಿಲ್ಲ.

ನಾವು ಕಲ್ಪಿಸಿದ ಕಲಘಟಗಿಯ ಆ ಟ್ರ್ಯಾಕ್ಟರ್ ಡ್ರೈವರನ ಖಟ್ಲೆ ಏಳೆಂಟು ವರ್ಷ ನಡೆದು, ಪುರಾವೆ ಸಾಲದೆ ಅವನು ಬಿಡುಗಡೆ ಹೊಂದಿದನೆಂದು ಇಟ್ಟುಕೊಳ್ಳೋಣ. ಅಂದು ಯಾವ ಕ್ಯಾಮರಾವೂ ಬರುವುದಿಲ್ಲ. ಹಿಡಿದ ದಿನ ಮುಖ ತೋರಿಸಿದವರು ಬಿಟ್ಟ ದಿನವೂ ಅಷ್ಟೇ ಹೊತ್ತು, ಅಷ್ಟೇ ದೊಡ್ಡದಾಗಿ ತೋರಿಸಬೇಕು ಎಂಬ ಒಂದು ಕಟ್ಟಳೆ ಮಾಡಿದರೂ ಸಾಕು, ಸ್ಟುಡಿಯೋ ಕೋರ್ಟುಗಳ ಅರ್ಧ ತೀರ್ಪು ಬಾಯೊಳಗೇ ಉಳಿದೀತು. ಅದು 'ಬಾಯಿ ಮುಚ್ಚಿರಿ' ಎನ್ನುವ ಕಟ್ಟಳೆಯಲ್ಲ. 'ಪೂರ್ತಿ ಹೇಳಿರಿ' ಎನ್ನುವ ಕಟ್ಟಳೆ. ಅಲ್ಲಿಯವರೆಗೆ ಅವನು ತನ್ನ ತೀರ್ಪಿನ ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟುಕೊಂಡು, ಹೆಣ್ಣು ಕೇಳಲು ಹೋದ ಮನೆಯಲ್ಲಿ, ಸಾಲ ಕೇಳಲು ಹೋದ ಸೊಸೈಟಿಯಲ್ಲಿ, ಒಬ್ಬೊಬ್ಬರಿಗೇ ತೆಗೆದು ತೋರಿಸುತ್ತ ತಿರುಗಬೇಕು.